ಭತ್ತದ ಹೊಟ್ಟಿನಿಂದ ಸಿಲಿಕಾ: ಸುಡುವುದರಿಂದ ತೂಗುವವರೆಗೆ

ಒಂದು ಟನ್ ಭತ್ತವನ್ನು ಮಿಲ್ಲಿಗೆ ಹಾಕಿದರೆ ಸುಮಾರು 200 ಕೆಜಿ ಹೊಟ್ಟು ಬೀಳುತ್ತದೆ. ಆ ಹೊಟ್ಟನ್ನು ಸುಟ್ಟರೆ 40 ಕೆಜಿ ಆಸುಪಾಸು ಬೂದಿ. ಆ ಬೂದಿಯಲ್ಲಿ ನೂರಕ್ಕೆ 85ರಿಂದ 95 ಪಾಲು ಸಿಲಿಕಾ. ಭತ್ತದ ಬೇರು ಮಣ್ಣಿನ ನೀರಿನಲ್ಲಿ ಕರಗಿರುವ ಸಿಲಿಸಿಕ್ ಆಮ್ಲವನ್ನು ಹೀರಿಕೊಳ್ಳುತ್ತದೆ. ಅದು ಮೇಲೇರಿ ಕಾಳಿನ ಹೊರಕವಚದಲ್ಲಿ ಗಟ್ಟಿ ಪದರವಾಗಿ ಕೂರುತ್ತದೆ. ಹೊಟ್ಟು ಕೈಗೆ ಚುಚ್ಚುವುದು ಇದರಿಂದಲೇ. ಕರಾವಳಿಯ ಹಿರಿಯರು ಉಮಿಕರಿಯಲ್ಲಿ, ಅಂದರೆ ಸುಟ್ಟ ಹೊಟ್ಟಿನ ಕರಿಯಲ್ಲಿ, ಹಲ್ಲುಜ್ಜುತ್ತಿದ್ದರಲ್ಲ, ಅಲ್ಲಿ ಕೊಳೆ ಉಜ್ಜಿ ತೆಗೆಯುತ್ತಿದ್ದದ್ದು ಇದೇ ಸಿಲಿಕಾ. ಈಗಿನ ಟೂತ್‌ಪೇಸ್ಟ್ ಡಬ್ಬಿಯ ಮೇಲೆ ‘ಹೈಡ್ರೇಟೆಡ್ ಸಿಲಿಕಾ’ ಎಂದು ಅಚ್ಚಾಗಿರುವುದೂ ಬಹುಪಾಲು ಅದೇ ಕೆಲಸಕ್ಕೆ.

ಕಾಲೇಜು ಪ್ರಯೋಗಾಲಯದಲ್ಲಿ ಹೊಟ್ಟಿನಿಂದ ಸಿಲಿಕಾ ತೆಗೆದು, ಅದರ ಗುಣ ಅಳೆದು, ಯಾವ ಕೆಲಸಕ್ಕೆ ಆದೀತು ಎಂದು ಹೇಳಬೇಕಾದ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಈ ಬರಹ. ಮಿಲ್ಲಿನವರಿಗೂ ಕೆಲವು ಸಂಗತಿ ಉಪಯೋಗಕ್ಕೆ ಬರಬಹುದು. ಇಂಥ ಪ್ರಾಜೆಕ್ಟ್‌ಗಳು ಕೆಡುವುದು ಸಾಮಾನ್ಯವಾಗಿ ಆಮ್ಲ ಸುರಿಯುವಾಗ ಅಲ್ಲ, ಒಲೆಯ ಹಂತದಲ್ಲಿ. ತಪ್ಪಾಗಿ ಸುಟ್ಟ ಬೂದಿಯನ್ನು ಮುಂದಿನ ಯಾವ ರಾಸಾಯನಿಕವೂ ಸರಿಮಾಡಲಾರದು.

ಮೊದಲು ಬಳಕೆ ಯಾವುದೆಂದು ಗೊತ್ತುಮಾಡಿಕೊಳ್ಳಿ

ಸಿಲಿಕಾ ಎಂಬ ಒಂದೇ ಹೆಸರಿನಲ್ಲಿ ನಾಲ್ಕಾರು ವಸ್ತುಗಳಿವೆ. ಬೆಣಚುಕಲ್ಲೂ ಸಿಲಿಕಾ, ಔಷಧದ ಬಾಟಲಿಯೊಳಗಿನ ಪುಟ್ಟ ಪೊಟ್ಟಣದ ಮಣಿಗಳೂ ಸಿಲಿಕಾ. ಬೆಣಚುಕಲ್ಲಿನಲ್ಲಿ ಪರಮಾಣುಗಳು ಸಾಲಾಗಿ ಜೋಡಣೆಯಾಗಿವೆ, ಅದು ಸ್ಫಟಿಕ ರೂಪ. ಪೊಟ್ಟಣದ ಮಣಿಯಲ್ಲಿ ಜೋಡಣೆಗೆ ಲಯವಿಲ್ಲ, ಅದು ಅಸ್ಫಟಿಕ ರೂಪ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಸ್ಫಟಿಕ ಸಿಲಿಕಾ ಲೀಟರ್ ನೀರಿಗೆ 100ರಿಂದ 120 ಮಿಲಿಗ್ರಾಂ ಕರಗಿದರೆ ಬೆಣಚು 10 ಮಿಲಿಗ್ರಾಂ ಕೂಡ ಕರಗುವುದು ಕಷ್ಟ. ಸುಣ್ಣದ ಜೊತೆ ಸೇರುವುದು, ಕಾಸ್ಟಿಕ್ ಸೋಡಾದಲ್ಲಿ ಕರಗುವುದು, ಗಿಡಕ್ಕೆ ದಕ್ಕುವುದು ಎಲ್ಲವೂ ಈ ಒಂದು ವ್ಯತ್ಯಾಸದ ಮೇಲೆ ನಿಂತಿವೆ.

ಕಾಂಕ್ರೀಟಿಗೆ ಬೇಕಿದ್ದರೆ ಕಾಸ್ಟಿಕ್, ಆಮ್ಲ ಯಾವುದರ ಗೋಜೂ ಬೇಡ. ಸರಿಯಾಗಿ ಸುಟ್ಟು ನುಣ್ಣಗೆ ಅರೆದ ಬೂದಿಯೇ ಸಾಕು. ತೇವ ಹೀರಲು ಬೇಕಿದ್ದರೆ ಜೆಲ್ ಮಾಡಬೇಕು. ರಬ್ಬರಿಗೆ ಬೆರೆಸಲೋ ಪುಡಿ ಗಂಟುಕಟ್ಟದಂತೆ ತಡೆಯಲೋ ಬೇಕಿದ್ದರೆ ಬಿಸಿಯಲ್ಲಿ ನಿಧಾನವಾಗಿ ಇಳಿಸಿದ ಒತ್ತರ, ಅಂದರೆ ಪ್ರೆಸಿಪಿಟೇಟೆಡ್ ಸಿಲಿಕಾ ಬೇಕು. ಮೊದಲು ಸಿಲಿಕಾ ತೆಗೆದಿಟ್ಟು ಆಮೇಲೆ ಬಳಕೆ ಹುಡುಕಲು ಹೊರಟರೆ ಪರೀಕ್ಷೆಗಳ ಖರ್ಚು ಮಾತ್ರ ಬೆಳೆಯುತ್ತದೆ.

ಏನೇನು ಬೇಕು

100 ಗ್ರಾಂ ಹೊಟ್ಟಿನಿಂದ ಶುರುಮಾಡೋಣ. ನೋಡಲು ಇದು ಸಣ್ಣ ಪ್ರಮಾಣವಲ್ಲ. ಹೊಟ್ಟು ಎಷ್ಟು ಹಗುರವೆಂದರೆ 100 ಗ್ರಾಂಗೆ ಒಂದು ಲೀಟರ್ ಪಾತ್ರೆ ತುಂಬುತ್ತದೆ. ಮಫಲ್ ಫರ್ನೇಸ್ (ವಿದ್ಯುತ್ ಕುಲುಮೆ), 110 ಡಿಗ್ರಿ ಓವನ್, ಬಿಸಿಮಾಡುವ ಮ್ಯಾಗ್ನೆಟಿಕ್ ಸ್ಟರರ್, ಪಿಎಚ್ ಮೀಟರ್, 0.001 ಗ್ರಾಂ ತೋರಿಸುವ ತಕ್ಕಡಿ, ಬುಕ್ನರ್ ಫನಲ್, ಬ್ಯೂರೆಟ್, ಅಗಲ ಬಾಯಿಯ ಪಿಂಗಾಣಿ ತಟ್ಟೆ ಇರಲಿ. ಆರ್‌ಓ ನೀರು ನೋಡಲು ಮನೆಗಳಲ್ಲಿ ಇಟ್ಟುಕೊಳ್ಳುವ ಟಿಡಿಎಸ್ ಮೀಟರ್ ಕೂಡ ಒಂದಿರಲಿ, ತೊಳೆಯುವ ಹಂತದಲ್ಲಿ ಅದಕ್ಕಿಂತ ಒಳ್ಳೆಯ ಗೆಳೆಯನಿಲ್ಲ.

ಕಾಸ್ಟಿಕ್ ಕುದಿಸಲು ಗಾಜಿನ ಬೀಕರ್ ಬೇಡ. ಗಾಜಿನ ಬಹುಭಾಗ ಸಿಲಿಕಾವೇ. ಬಿಸಿ ಕಾಸ್ಟಿಕ್ ಅದನ್ನೂ ನೆಕ್ಕಿ ನಿಮ್ಮ ದ್ರಾವಣಕ್ಕೆ ಸೇರಿಸುತ್ತದೆ, ಜೊತೆಗೆ ಬೋರಾನನ್ನೂ. ಮುಚ್ಚಳವಿರುವ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆ ಸಾಕು. ಅಲ್ಯೂಮಿನಿಯಂ ಪಾತ್ರೆಯನ್ನಂತೂ ಹತ್ತಿರವೂ ತರಬೇಡಿ. ಕಾಸ್ಟಿಕ್ ಬಿದ್ದರೆ ಅದು ಕರಗುತ್ತಾ ಹೈಡ್ರೋಜನ್ ಬಿಡುತ್ತದೆ.

ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ, ಕೈಗೆ ನೈಟ್ರೈಲ್ ಗ್ಲೌಸ್, ಬೂದಿ ಅರೆಯುವಾಗ ಎನ್95 ಮಾಸ್ಕ್ ಕಡ್ಡಾಯ. ಬೂದಿ ಅಸ್ಫಟಿಕವೇ ಎಂದು ಖಚಿತವಾಗುವವರೆಗೆ ಅದನ್ನು ಸ್ಫಟಿಕ ಎಂದೇ ಎಣಿಸಿ ನಡೆದುಕೊಳ್ಳಿ. ಕ್ವಾರ್ಟ್ಜ್ (ಬೆಣಚು) ಮತ್ತು ಕ್ರಿಸ್ಟೋಬಲೈಟ್ ಎಂಬ ಸ್ಫಟಿಕ ರೂಪಗಳ ಸಿಲಿಕಾ ದೂಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಬೆಣಚುಕಲ್ಲು ಕೊರೆದವರ ಶ್ವಾಸಕೋಶ ಹಾಳುಮಾಡಿದ ಸಿಲಿಕೋಸಿಸ್ ಇದೇ ದೂಳಿನ ಕಾಯಿಲೆ. ಅದು ಬಂದ ಮೇಲೆ ಹೋಗುವುದಿಲ್ಲ.

ತೊಳೆಯುವುದು: ಮರಳು ಒಂದು, ಪೊಟ್ಯಾಸಿಯಂ ಇನ್ನೊಂದು

ಕಣದಲ್ಲಿ, ರಸ್ತೆಯ ಮೇಲೆ ಒಣಗಿದ ಭತ್ತದ ಹೊಟ್ಟಿನಲ್ಲಿ ಮರಳಿಲ್ಲದೆ ಇರುವುದಿಲ್ಲ. ದೊಡ್ಡ ಬಕೆಟ್ ನೀರಿಗೆ ಹೊಟ್ಟು ಹಾಕಿ ಕದಡಿ. ಹೊಟ್ಟು ತೇಲುತ್ತದೆ, ಮರಳು ಮತ್ತು ಕಲ್ಲು ತಳಕ್ಕಿಳಿಯುತ್ತವೆ. ಮೇಲಿನದನ್ನು ಜರಡಿಯಲ್ಲಿ ಎತ್ತಿಕೊಳ್ಳಿ. ಮೂರು ಸಲ ಹೀಗೆ ಮಾಡಿ. ಇಷ್ಟನ್ನು ತಪ್ಪಿಸಿದರೆ ಕೊನೆಯಲ್ಲಿ ಎಕ್ಸ್‌ಆರ್‌ಡಿ (ಎಕ್ಸ್-ಕಿರಣದಿಂದ ಸ್ಫಟಿಕ ರಚನೆ ನೋಡುವ ಪರೀಕ್ಷೆ) ಚಿತ್ರದಲ್ಲಿ 26.6 ಡಿಗ್ರಿಗೆ ಬೆಣಚಿನ ಚೂಪು ಶಿಖರ ಎದ್ದು ನಿಲ್ಲುತ್ತದೆ. ಅದು ಸುಟ್ಟಿದ್ದರಿಂದ ಬಂತೋ ಕಣದಿಂದ ಬಂತೋ ಎಂದು ವೈವಾದಲ್ಲಿ ವಾದಿಸುತ್ತಾ ಕೂರಬೇಕಾಗುತ್ತದೆ.

ಮುಂದಿನದು ಆಮ್ಲದಲ್ಲಿ ತೊಳೆಯುವುದು. ಅನೇಕರು ಇದನ್ನು ಐಚ್ಛಿಕ ಎಂದು ಬಿಡುತ್ತಾರೆ. ಬಿಳಿ ಬೂದಿ ಬೇಕಿದ್ದವರು ಬಿಡುವಂತಿಲ್ಲ. ಹೊಟ್ಟಿನಲ್ಲಿರುವ ಪೊಟ್ಯಾಸಿಯಂ ಒಲೆಯಲ್ಲಿ ಸಿಲಿಕಾದ ಮೇಲ್ಮೈಯನ್ನು ಕಡಿಮೆ ಶಾಖಕ್ಕೇ ಕರಗಿಸಿ ಗಾಜಿನಂತೆ ಮಾಡುತ್ತದೆ. ಇನ್ನೂ ಸುಡದ ಇಂಗಾಲ ಆ ಗಾಜಿನೊಳಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಆಮ್ಲಜನಕ ಅದನ್ನು ಮುಟ್ಟಲು ದಾರಿಯೇ ಇರುವುದಿಲ್ಲ. ಬೂದಿಯಲ್ಲಿ ಉಳಿಯುವ ಕರಿ ಚುಕ್ಕೆಗಳು ಇವೇ.

ಸಿಟ್ರಿಕ್ ಆಮ್ಲ ಬಳಸುವುದು ಸುಲಭ, ಹೊಗೆಯೂ ಇಲ್ಲ. ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, 100 ಗ್ರಾಂ ಹೊಟ್ಟು ಮುಳುಗುವಂತೆ ಹಾಕಿ, 80 ಡಿಗ್ರಿಯಲ್ಲಿ ಒಂದು ಗಂಟೆ ಕದಡುತ್ತಾ ಇಡಿ. ಹೊಟ್ಟು ತೇಲುತ್ತಲೇ ಇರುವುದರಿಂದ ಮೇಲೊಂದು ಸ್ಟೀಲ್ ಜಾಲರಿ ಒತ್ತಿಡಬೇಕು. ಹೈಡ್ರೋಕ್ಲೋರಿಕ್ ಆಮ್ಲವೇ ಬೇಕೆಂದರೆ 1 ಮೋಲಾರ್ ಸಾಕು: 900 ಮಿಲಿ ನೀರಿಗೆ ನಿಧಾನವಾಗಿ ಸುಮಾರು 85 ಮಿಲಿ ಸಾಂದ್ರ ಆಮ್ಲ ಹಾಕಿ ಲೀಟರ್‌ಗೆ ತುಂಬಿಸಿ, ಫ್ಯೂಮ್ ಹುಡ್ ಒಳಗೇ ಬಿಸಿ ಮಾಡಿ. ನೀರಿಗೆ ಆಮ್ಲ ಹಾಕಬೇಕೇ ಹೊರತು ಆಮ್ಲಕ್ಕೆ ನೀರಲ್ಲ.

ಬಸಿದು, ಡಿಅಯಾನೈಸ್ಡ್ ನೀರಿನಲ್ಲಿ ತೊಳೆಯಿರಿ. ಹೊರಬರುವ ನೀರಿನ ಟಿಡಿಎಸ್ 20ಕ್ಕಿಂತ ಕೆಳಗಿಳಿದ ಮೇಲೆ ನಿಲ್ಲಿಸಬಹುದು. 110 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ. ಹೊಟ್ಟಿನ ಬಣ್ಣ ಈಗ ಸ್ವಲ್ಪ ಕಂದಿರುತ್ತದೆ.

ಸುಡುವುದು

ಈ ಹಂತಕ್ಕೆ ಒಂದು ಇಡೀ ದಿನ ಎತ್ತಿಡಿ.

ಪಿಂಗಾಣಿ ತಟ್ಟೆಯಲ್ಲಿ ಹೊಟ್ಟು 1 ಸೆಂ.ಮೀ.ಗಿಂತ ದಪ್ಪವಾಗದಂತೆ ಹರಡಿ. 100 ಗ್ರಾಂ ಒಂದೇ ಸಲಕ್ಕೆ ಹಿಡಿಸುವುದಿಲ್ಲ, ಕಂತುಗಳಲ್ಲಿ ಸುಡಬೇಕು. ದಪ್ಪದ ಬಗ್ಗೆ ಇಷ್ಟು ಹಟ ಯಾಕೆಂದರೆ ಹೊಟ್ಟು ತಾನೇ ಉರುವಲು. ಫರ್ನೇಸಿನ ಮುಖದ ಮೇಲೆ 600 ಎಂದು ತೋರಿಸುತ್ತಿರುವಾಗ ದಪ್ಪ ರಾಶಿಯ ಒಡಲಲ್ಲಿ ಶಾಖ ಅದಕ್ಕಿಂತ ಎಷ್ಟೋ ಮೇಲೇರಿರುತ್ತದೆ. ಶಾಖ ಅಳೆಯುವ ಥರ್ಮೋಕಪಲ್ ಹಿಂದಿನ ಗೋಡೆಯಲ್ಲಿದೆ, ಬೂದಿಯೊಳಗಿಲ್ಲ.

ಮೊದಲು ಕರಿಯಾಗಿಸುವುದು. ಫ್ಯೂಮ್ ಹುಡ್ ಕೆಳಗೆ 300ರಿಂದ 350 ಡಿಗ್ರಿಯಲ್ಲಿ, ಹೊಗೆ ನಿಲ್ಲುವವರೆಗೆ, ಸುಮಾರು ಮುಕ್ಕಾಲು ಗಂಟೆ. ಈ ಹೊಗೆಯನ್ನು ನೇರವಾಗಿ ಮಫಲ್ ಒಳಗೆ ಬಿಟ್ಟರೆ ಟಾರು ಫರ್ನೇಸಿನ ಗೋಡೆಗೆಲ್ಲ ಮೆತ್ತಿಕೊಳ್ಳುತ್ತದೆ. ಆಮೇಲೆ ಮಫಲ್‌ಗೆ ಇಟ್ಟು ನಿಮಿಷಕ್ಕೆ 5 ಡಿಗ್ರಿಯಂತೆ 600ಕ್ಕೆ ಏರಿಸಿ, 4 ಗಂಟೆ ಹಿಡಿದಿಡಿ. ಬಾಗಿಲು ಒಂದು ಬೆರಳಿನಷ್ಟು ತೆರೆದಿರಲಿ ಅಥವಾ ಗಾಳಿಕಿಂಡಿ ಪೂರ್ತಿ ತೆರೆದಿರಲಿ. ಗಾಳಿ ಸಿಗದಿದ್ದರೆ 4 ಗಂಟೆಯಲ್ಲ, 14 ಗಂಟೆ ಇಟ್ಟರೂ ಕರಿ ಕರಿಯಾಗಿಯೇ ಉಳಿಯುತ್ತದೆ. ಎರಡನೇ ಗಂಟೆಯಲ್ಲಿ ಉದ್ದ ಇಕ್ಕಳದಿಂದ ತಟ್ಟೆಯನ್ನು ತಿರುಗಿಸಿಡಿ.

ಆಮ್ಲದಲ್ಲಿ ತೊಳೆದ ಹೊಟ್ಟು ಹೀಗೆ ಸುಟ್ಟರೆ ಹಾಲಿನಂತೆ ಬಿಳಿ ಬೂದಿ ಬರುತ್ತದೆ. ಹೊಟ್ಟಿನ ದೋಣಿ ಆಕಾರವೂ ಹಾಗೇ ಉಳಿದು, ಬೆರಳಿಟ್ಟರೆ ಪುಡಿಯಾಗುತ್ತದೆ. 100 ಗ್ರಾಂ ಹೊಟ್ಟಿಗೆ 16ರಿಂದ 20 ಗ್ರಾಂ ಸಿಕ್ಕರೆ ಲೆಕ್ಕ ಸರಿ.

ಬೂದಿ ಬೂದುಬಣ್ಣದಲ್ಲೇ ಉಳಿಯಿತು ಎಂದು ಶಾಖವನ್ನು 900ಕ್ಕೆ ಏರಿಸುವುದು ಎಲ್ಲರೂ ಮಾಡುವ ತಪ್ಪು. ಬಣ್ಣ ತುಸು ತಿಳಿಯಾಗಬಹುದು. ಆದರೆ 700 ದಾಟಿದ ಮೇಲೆ, ಅದರಲ್ಲೂ ಪೊಟ್ಯಾಸಿಯಂ ಉಳಿದಿದ್ದರೆ, ಸಿಲಿಕಾ ಕ್ರಿಸ್ಟೋಬಲೈಟ್ ಆಗಿ ಮಾರ್ಪಡತೊಡಗುತ್ತದೆ. ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗುತ್ತವೆ. ನೋಡಲು ಚೆಂದದ ಬೂದಿ, ಕೆಲಸಕ್ಕೆ ಬಾರದ ಬೂದಿ. 600ರಲ್ಲಿ ಸುಟ್ಟ ಬೂದು ಬೂದಿ 900ರಲ್ಲಿ ಸುಟ್ಟ ಬಿಳಿ ಬೂದಿಗಿಂತ ಎಷ್ಟೋ ಮೇಲು. ಮಾರುವವರೂ ಕೊಳ್ಳುವವರೂ ಬಣ್ಣ ನೋಡಿಯೇ ಬೆಲೆ ಕಟ್ಟುವುದು ಈ ವ್ಯವಹಾರದ ದೊಡ್ಡ ಅಡ್ಡಿ.

ಹಾಗೆಂದು ಮಿಲ್ ಬಾಯ್ಲರಿನ ಕಪ್ಪು ಬೂದಿಯನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಅದರಲ್ಲಿ ಇಂಗಾಲ ಜಾಸ್ತಿ, ಬಾಯ್ಲರ್ ಉರಿದ ರೀತಿಯ ಮೇಲೆ ಸ್ಫಟಿಕದ ಪಾಲೂ ಬದಲಾಗುತ್ತದೆ. ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಉಕ್ಕು ಆರದಂತೆ ಮೇಲೆ ಹೊದಿಸಲು ಇಂಥ ಬೂದಿಯನ್ನೇ ಬಳಸುತ್ತಾರೆ. ಅಲ್ಲಿ ಬೇಕಾದ್ದು ಶಾಖ ತಡೆಯುವ ಗುಣ, ಬಿಳುಪಲ್ಲ. ಬಾಯ್ಲರ್ ಬೂದಿಯಿಂದಲೇ ಸಿಲಿಕಾ ತೆಗೆಯುವುದಾದರೆ ಮೊದಲು ಅದನ್ನು ತೆಳ್ಳಗೆ ಹರಡಿ 600 ಡಿಗ್ರಿಯಲ್ಲಿ ಮತ್ತೊಮ್ಮೆ ಸುಟ್ಟು, ತೂಕ ಎಷ್ಟು ಇಳಿಯಿತು ಎಂದು ಬರೆದಿಟ್ಟುಕೊಳ್ಳಿ. ಇಳಿದದ್ದು ಹೆಚ್ಚುಪಾಲು ಇಂಗಾಲ.

ಕರಗಿಸುವುದು

ಬೂದಿಯನ್ನು ಒರಳಿನಲ್ಲಿ ಅರೆದು 150 ಮೈಕ್ರಾನ್ ಜರಡಿಯಲ್ಲಿ ಜಾಲಾಡಿ. 10 ಗ್ರಾಂ ತೂಗಿ.

ಕಾಸ್ಟಿಕ್ ಎಷ್ಟು ಬೇಕು ಎಂಬುದನ್ನು ಲೆಕ್ಕ ಹಾಕಿ ನಿರ್ಧರಿಸಿ, ಯಾರದೋ ವರದಿಯಿಂದ ನಕಲು ಮಾಡಬೇಡಿ. 10 ಗ್ರಾಂ ಬೂದಿಯಲ್ಲಿ ಸುಮಾರು 9 ಗ್ರಾಂ ಸಿಲಿಕಾ, ಅಂದರೆ 0.15 ಮೋಲ್. ಒಂದು ಮೋಲ್ ಸಿಲಿಕಾಗೆ ಒಂದು ಮೋಲ್ ಕಾಸ್ಟಿಕ್ ಸೋಡಾ ಎಂಬ ಲೆಕ್ಕದಲ್ಲಿ 6 ಗ್ರಾಂ. ಸ್ವಲ್ಪ ಹೆಚ್ಚಿಗೆ ಸೇರಿಸಿ 6.4 ಗ್ರಾಂ, 80 ಮಿಲಿ ನೀರಿನಲ್ಲಿ. ಇದು 2 ಮೋಲಾರ್ ದ್ರಾವಣ. ಇದಕ್ಕಿಂತ ಬಹಳ ಕಡಿಮೆ ಹಾಕಿದರೆ ಸಿಲಿಕಾ ಪೂರ್ತಿ ಕರಗದು. ಬಹಳ ಹೆಚ್ಚು ಹಾಕಿದರೆ ಅಷ್ಟಕ್ಕೂ ಆಮೇಲೆ ಆಮ್ಲ ಸುರಿಯಬೇಕು, ಅಷ್ಟೂ ಉಪ್ಪಾಗಿ ತೊಳೆಯುವ ಕೆಲಸ ಬೆಳೆಸುತ್ತದೆ. ಕಾಸ್ಟಿಕ್ ಸೋಡಾ ಗುಳಿಗೆಗಳು ಗಾಳಿಯ ತೇವ ಎಳೆದುಕೊಂಡು ತಕ್ಕಡಿಯ ಮೇಲೇ ಒದ್ದೆಯಾಗುತ್ತವೆ, ಆದ್ದರಿಂದ ಬೇಗ ತೂಗಿ ಬೇಗ ನೀರಿಗೆ ಹಾಕಿ.

ಸ್ಟೀಲ್ ಪಾತ್ರೆಯಲ್ಲಿ ಬೂದಿ ಮತ್ತು ಕಾಸ್ಟಿಕ್ ದ್ರಾವಣ ಸೇರಿಸಿ ಮುಚ್ಚಳ ಮುಚ್ಚಿ, 90ರಿಂದ 95 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕದಡಿ. ಆವಿಯಾದಷ್ಟು ನೀರನ್ನು ಆಗಾಗ ತುಂಬಿ. ತುಂಬದಿದ್ದರೆ ದ್ರಾವಣ ಅಂಟಿನಂತಾಗಿ ಸೋಸಲು ಬರುವುದಿಲ್ಲ.

ಬಿಸಿಯಿರುವಾಗಲೇ ಬುಕ್ನರ್ ಫನಲ್‌ನಲ್ಲಿ ಎರಡು ಪದರ ವಾಟ್‌ಮನ್ 41 ಕಾಗದ ಹಾಕಿ ಸೋಸಿ. ಒಂದೇ ಪದರವಾದರೆ ಕಾಸ್ಟಿಕ್‌ಗೆ ಮೆತ್ತಗಾಗಿ ಹರಿಯುತ್ತದೆ. ಉಳಿದ ಚರಟವನ್ನು 20 ಮಿಲಿ ಕುದಿಯುವ ನೀರಿನಿಂದ ಎರಡು ಸಲ ತೊಳೆದು ಆ ನೀರನ್ನೂ ಸೇರಿಸಿಕೊಳ್ಳಿ. ಸೋಸಿದ ದ್ರಾವಣ ನೀರಿನಂತೆ ತಿಳಿಯಾಗಿ ಅಥವಾ ತೆಳು ಹುಲ್ಲಿನ ಬಣ್ಣಕ್ಕಿರಬೇಕು. ಚಹಾ ಬಣ್ಣಕ್ಕೆ ತಿರುಗಿದ್ದರೆ ಹೊಟ್ಟು ಪೂರ್ತಿ ಸುಟ್ಟಿಲ್ಲ, ಸಾವಯವ ಅಂಶ ಕಾಸ್ಟಿಕ್‌ಗೆ ಇಳಿದಿದೆ ಎಂದರ್ಥ. ನಿಮ್ಮ ಕೈಯಲ್ಲಿ ಈಗಿರುವುದು ಸೋಡಿಯಂ ಸಿಲಿಕೇಟ್, ಅಂಗಡಿಯಲ್ಲಿ ವಾಟರ್‌ಗ್ಲಾಸ್ ಎಂದು ಸಿಗುವ ಪದಾರ್ಥವೇ.

ಚರಟವನ್ನು ಎಸೆಯಬೇಡಿ. ಇನ್ನಷ್ಟು ತೊಳೆದು ಒಣಗಿಸಿ ತೂಗಿ. 10 ಗ್ರಾಂನಲ್ಲಿ 1 ಗ್ರಾಂ ಉಳಿದರೆ ನಿಮ್ಮ ಸುಡುವ ಕೆಲಸ ಗೆದ್ದಿದೆ. 3–4 ಗ್ರಾಂ ಉಳಿದಿದ್ದರೆ, ಅದೂ ಬಿಳಿಯಾಗಿದ್ದರೆ, ಸ್ಫಟಿಕವಾಗಿ ಹೋದ ಸಿಲಿಕಾ ಅದು. ಕಪ್ಪಾಗಿದ್ದರೆ ಇಂಗಾಲ. ಎಕ್ಸ್‌ಆರ್‌ಡಿಗೆ ದುಡ್ಡಿಲ್ಲದ ಕಾಲೇಜಿಗೆ ಈ ತೂಕವೇ ಬೂದಿಯ ಗುಣಮಟ್ಟದ ಅಳತೆ.

ಇಳಿಸುವುದು: ಜೆಲ್ ಒಂದು ದಾರಿ, ಒತ್ತರ ಇನ್ನೊಂದು

ಜೆಲ್ ಬೇಕಿದ್ದರೆ ದ್ರಾವಣವನ್ನು ಕೋಣೆಯ ಶಾಖಕ್ಕೆ ಆರಿಸಿ. ಬ್ಯೂರೆಟ್‌ನಲ್ಲಿ 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ತುಂಬಿ, ಜೋರಾಗಿ ಕದಡುತ್ತಾ ತೊಟ್ಟುತೊಟ್ಟಾಗಿ ಬಿಡಿ. 6.4 ಗ್ರಾಂ ಕಾಸ್ಟಿಕ್‌ಗೆ ಸರಿಸಮನಾಗಿ ಹತ್ತಿರ ಹತ್ತಿರ 80 ಮಿಲಿ ಹಿಡಿಯುತ್ತದೆ. ಪಿಎಚ್ 10ರ ಸುತ್ತಮುತ್ತ ಮಬ್ಬು ಕಾಣಿಸಿಕೊಳ್ಳುತ್ತದೆ. ಆಮೇಲೆ ಇನ್ನೂ ನಿಧಾನಿಸಿ. 7ಕ್ಕೆ ಬಂದಾಗ ನಿಲ್ಲಿಸಿ, ಸ್ಟರರ್ ಹೊರತೆಗೆದು ಮುಚ್ಚಿಡಿ. ಮೊಸರು ಹೆಪ್ಪುಗಟ್ಟಿದಂತೆ ಗಟ್ಟಿಯಾಗುತ್ತದೆ. 18ರಿಂದ 24 ಗಂಟೆ ಅಲುಗಿಸದೆ ಇಟ್ಟರೆ ಒಳಗಿನ ಕಣಗಳು ಒಂದಕ್ಕೊಂದು ಬೆಸೆದು ಜಾಲ ಬಲವಾಗುತ್ತದೆ. ಅವಸರಪಟ್ಟು ಆಗಲೇ ತೊಳೆದರೆ ಒಣಗುವಾಗ ರಂಧ್ರಗಳೆಲ್ಲ ಕುಸಿಯುತ್ತವೆ.

ಆಮ್ಲ ಬಿದ್ದ ಜಾಗದಲ್ಲಿ ಮಾತ್ರ ಗಡ್ಡೆಕಟ್ಟಿ ಉಳಿದದ್ದು ನೀರಾಗಿಯೇ ಇದ್ದರೆ ಕದಡುವುದು ಸಾಲದು ಅಥವಾ ಆಮ್ಲ ತೀರಾ ಸಾಂದ್ರ. ಗಡ್ಡೆಯೊಳಗೆ ಸಿಕ್ಕಿದ ಉಪ್ಪು ಎಷ್ಟು ತೊಳೆದರೂ ಹೊರಬರುವುದಿಲ್ಲ. ಕಾರ್ಖಾನೆಗಳ ಜೆಲ್ ವಿಧಾನ ಸಾಮಾನ್ಯವಾಗಿ ತಿರುವುಮುರುವು: ಅಲ್ಲಿ ಆಮ್ಲಕ್ಕೆ ಸಿಲಿಕೇಟ್ ಸೇರಿಸುತ್ತಾರೆ. ಪಿಎಚ್ 2ರ ಆಸುಪಾಸಿನಲ್ಲಿ ಸಿಲಿಕಾ ಸ್ವಲ್ಪ ಹೊತ್ತು ತಿಳಿಯಾಗಿಯೇ ಇರುವುದರಿಂದ ಎಲ್ಲವೂ ಚೆನ್ನಾಗಿ ಬೆರೆತು, ಆಮೇಲೆ ಒಂದೇ ಸಮನೆ ಹೆಪ್ಪುಗಟ್ಟುತ್ತದೆ. ಮೊದಲ ವಿಧಾನ ಕೈಗೆ ಹತ್ತಿದ ಮೇಲೆ ಇದನ್ನೂ ಮಾಡಿನೋಡಿ.

ಒತ್ತರ ಬೇಕಿದ್ದರೆ ಸಿಲಿಕೇಟ್ ದ್ರಾವಣವನ್ನು ನೀರು ಸೇರಿಸಿ 250 ಮಿಲಿ ಮಾಡಿ, 80ರಿಂದ 85 ಡಿಗ್ರಿಗೆ ಬಿಸಿ ಮಾಡಿ. 1 ಮೋಲಾರ್ ಗಂಧಕಾಮ್ಲವನ್ನು ನಿಮಿಷಕ್ಕೆ 1ರಿಂದ 2 ಮಿಲಿಯಂತೆ ಬಿಡಿ. ಇದೂ ಒಟ್ಟು 80 ಮಿಲಿ ಆಸುಪಾಸು. ಅರ್ಧ ಆಮ್ಲ ಹಾಕಿದ ಮೇಲೆ 20 ನಿಮಿಷ ಬರಿದೇ ಕದಡುತ್ತಿರಿ. ಮತ್ತೆ ಆಮ್ಲ ಬಿಟ್ಟು ಪಿಎಚ್ 9ಕ್ಕೆ ತನ್ನಿ, ಅರ್ಧ ಗಂಟೆ ನಿಲ್ಲಿಸಿ, ಕೊನೆಗೆ 4.5–5ಕ್ಕೆ ಇಳಿಸಿ ಬಿಸಿಯಲ್ಲೇ ಸೋಸಿ. ಬಿಸಿಯಲ್ಲಿ, ಕ್ಷಾರದ ಕಡೆಗಿನ ಪಿಎಚ್‌ನಲ್ಲಿ, ಕಣಗಳು ಜಾಲ ಕಟ್ಟುವ ಮೊದಲು ಒಂದೊಂದೂ ಬೆಳೆಯುತ್ತವೆ. ಆದ್ದರಿಂದ ಹೆಪ್ಪಾಗದೆ ಪುಡಿಯಾಗಿ ಇಳಿಯುತ್ತವೆ. ಬಿಸಿ ಆರಿದರೆ ಅಥವಾ ಆಮ್ಲ ಅವಸರದಲ್ಲಿ ಬಿದ್ದರೆ ಸ್ಟರರ್ ನಿಂತುಹೋಗುವಷ್ಟು ಗಟ್ಟಿ ಗಂಜಿಯಾಗುತ್ತದೆ.

ಪಿಎಚ್ ಮೀಟರಿನ ಬಗ್ಗೆ ಎರಡು ಮಾತು. ಸೋಡಿಯಂ ತುಂಬಿದ ತೀರಾ ಕ್ಷಾರ ದ್ರಾವಣದಲ್ಲಿ ಗಾಜಿನ ಎಲೆಕ್ಟ್ರೋಡ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಆರಂಭದ 12–13ರ ಅಂಕಿಗಳನ್ನು ನಂಬಬೇಡಿ. ಇನ್ನು, ಎಲೆಕ್ಟ್ರೋಡ್‌ನ ತುದಿಯಲ್ಲಿ ಜೆಲ್ ಒಣಗಲು ಬಿಟ್ಟರೆ ಎಲೆಕ್ಟ್ರೋಡ್ ಸತ್ತಂತೆ. ಪ್ರತಿ ಸಲ ಅದ್ದಿ ತೆಗೆದ ತಕ್ಷಣ ತೊಳೆಯಿರಿ.

ಈ ಎರಡು ದಾರಿಗಳಿಗೂ ಇರುವ ಕೊರತೆ ಒಂದೇ. 8 ಗ್ರಾಂ ಸಿಲಿಕಾ ತೆಗೆಯಲು ಹೈಡ್ರೋಕ್ಲೋರಿಕ್ ಆಮ್ಲದಲ್ಲಾದರೆ 9.4 ಗ್ರಾಂ ಅಡುಗೆ ಉಪ್ಪು, ಗಂಧಕಾಮ್ಲದಲ್ಲಾದರೆ 11.4 ಗ್ರಾಂ ಸೋಡಿಯಂ ಸಲ್ಫೇಟ್ ಹುಟ್ಟುತ್ತದೆ. ಸರಕಿಗಿಂತ ಕಸವೇ ಭಾರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಹನ ಮತ್ತು ಅನಿಲೀಕರಣದ ಪ್ರಯೋಗಾಲಯದವರು ರೂಪಿಸಿದ ವಿಧಾನ ಇದನ್ನೇ ಬಿಡಿಸಿತು. ಅವರು ಆಮ್ಲದ ಬದಲು ಇಂಗಾಲದ ಡೈಆಕ್ಸೈಡ್ ಹಾಯಿಸಿ ಸಿಲಿಕಾ ಇಳಿಸಿದರು. ಉಳಿದ ಸೋಡಿಯಂ ಕಾರ್ಬೊನೇಟ್ ನೀರಿಗೆ ಸುಣ್ಣ ಹಾಕಿದರೆ ಸುಣ್ಣ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂರುತ್ತದೆ, ಕಾಸ್ಟಿಕ್ ಮರಳಿ ಸಿಗುತ್ತದೆ, ಮತ್ತೆ ಬೂದಿ ಕರಗಿಸಲು ಅದೇ ಆಯಿತು. ಹೊಟ್ಟು ಸುಡುವ ಮಿಲ್ಲಿನಲ್ಲಿ ಇಂಗಾಲದ ಡೈಆಕ್ಸೈಡಿಗೆ ಬರವಿಲ್ಲ. ಪ್ರಾಜೆಕ್ಟ್‌ಗೆ ಹೊಸ ವಿಷಯ ಹುಡುಕುವವರು ಈ ಚಕ್ರದಲ್ಲಿ ಪ್ರತಿ ಸುತ್ತಿಗೆ ಎಷ್ಟು ಕಾಸ್ಟಿಕ್ ಕಳೆದುಹೋಗುತ್ತದೆ ಎಂದು ಅಳೆಯಬಹುದು. ಜೆಲ್‌ಗೆ ಇನ್ನೊಂದು ಆಮ್ಲ ಹುಡುಕುವುದಕ್ಕಿಂತ ಅದು ಉಪಯುಕ್ತ.

ತೊಳೆದು ಒಣಗಿಸುವುದು

ಜೆಲ್ ಅನ್ನು ಚಮಚದಿಂದ ಸಣ್ಣಗೆ ಒಡೆದು, 150 ಮಿಲಿ ಡಿಅಯಾನೈಸ್ಡ್ ನೀರಿನಲ್ಲಿ 20 ನಿಮಿಷ ಕದಡಿ ಸೋಸಿ. ನಾಲ್ಕೈದು ಸಲ. ಸೋಸಿದ ನೀರಿನ ಟಿಡಿಎಸ್ 50ಕ್ಕಿಂತ ಕೆಳಗೆ ಬರಬೇಕು. ಕ್ಲೋರೈಡ್ ಉಳಿದಿದೆಯೇ ಎಂದು ಸಿಲ್ವರ್ ನೈಟ್ರೇಟ್ ತೊಟ್ಟಿನಿಂದಲೂ, ಸಲ್ಫೇಟ್ ಉಳಿದಿದೆಯೇ ಎಂದು ಬೇರಿಯಂ ಕ್ಲೋರೈಡಿನಿಂದಲೂ ನೋಡಬಹುದು. ಬೋರ್‌ವೆಲ್ ನೀರಲ್ಲಿ ತೊಳೆಯಬೇಡಿ. ಅದರ ಕ್ಯಾಲ್ಸಿಯಂ ಸಿಲಿಕಾದ ಮೇಲ್ಮೈಗೆ ಅಂಟಿಕೊಳ್ಳುತ್ತದೆ.

ನೀರಿನಿಂದ ನೇರವಾಗಿ 80 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿದ ಜೆಲ್ ಗಾಜಿನ ಚೂರುಗಳಂತೆ ಗಟ್ಟಿಯಾಗುತ್ತದೆ. ತೇವ ಹೀರುವ ಕೆಲಸಕ್ಕೆ ಇದೇ ಸರಿ. ಹಗುರ, ಉಬ್ಬಿದ ಪುಡಿ ಬೇಕಿದ್ದರೆ ಕೊನೆಯ ಎರಡು ತೊಳೆತ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿರಲಿ. ರಂಧ್ರದೊಳಗಿನ ದ್ರವ ಆರುವಾಗ ಅದರ ಮೇಲ್ಮೈ ಎಳೆತವೇ ಗೋಡೆಗಳನ್ನು ಒಳಕ್ಕೆ ಎಳೆದು ಕುಸಿಸುತ್ತದೆ. ನೀರಿನ ಎಳೆತ ಈ ಆಲ್ಕೊಹಾಲಿನ ಮೂರು ಪಟ್ಟಿಗೂ ಹೆಚ್ಚು. ಆಲ್ಕೊಹಾಲಿನಲ್ಲಿ ಒದ್ದೆಯಾದದ್ದನ್ನು ನೇರವಾಗಿ ಓವನ್‌ಗೆ ತಳ್ಳಬೇಡಿ, ಬೆಂಕಿ ಹತ್ತುತ್ತದೆ. ಮೊದಲು ಹುಡ್ ಕೆಳಗೆ ಪೂರ್ತಿ ಆರಲಿ.

10 ಗ್ರಾಂ ಬೂದಿಯಿಂದ 7ರಿಂದ 8 ಗ್ರಾಂ ಬಂದರೆ ಒಳ್ಳೆಯ ಇಳುವರಿ. 10 ಗ್ರಾಂಗಿಂತ ಹೆಚ್ಚು ಬಂದರೆ ಹಿಗ್ಗಬೇಡಿ. ಅದು ಉಪ್ಪು ಅಥವಾ ನೀರು.

ಗುಣ ಅಳೆಯುವುದು

ಕೈಯಲ್ಲೇ ಮಾಡಬಹುದಾದ ಪರೀಕ್ಷೆಗಳಿಂದ ಶುರುಮಾಡಿ. 1 ಗ್ರಾಂ ಮಾದರಿಯನ್ನು 105 ಡಿಗ್ರಿಯಲ್ಲಿ ಒಣಗಿಸಿ ತೂಗಿ, ಆಮೇಲೆ 950 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಮತ್ತೆ ತೂಗಿ. ನೂರಕ್ಕೆ 3ರಿಂದ 7ರಷ್ಟು ಇಳಿಯುವುದು ಸಹಜ: ಮೇಲ್ಮೈಗೆ ಬಂಧಿಸಿಕೊಂಡ ನೀರು ಅದು.

ತೇವ ಹೀರುವ ಪರೀಕ್ಷೆಗೆ ದುಬಾರಿ ಯಂತ್ರ ಬೇಡ, ಬಿಗಿ ಮುಚ್ಚಳದ ಎರಡು ಡಬ್ಬಿ ಸಾಕು. ಒಂದರ ತಳದಲ್ಲಿ ಅಡುಗೆ ಉಪ್ಪಿನ ಗಟ್ಟಿ ಕೆಸರು. ಅದರ ಮೇಲಿನ ಗಾಳಿಯ ಆರ್ದ್ರತೆ 25 ಡಿಗ್ರಿಯಲ್ಲಿ 75 ಶೇಕಡದಲ್ಲಿ ನಿಲ್ಲುತ್ತದೆ. ಇನ್ನೊಂದರಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೆಸರು. ಅಲ್ಲಿ 33 ಶೇಕಡ. ಮಾದರಿಯನ್ನು 120 ಡಿಗ್ರಿಯಲ್ಲಿ 2 ಗಂಟೆ ಒಣಗಿಸಿ, 1 ಗ್ರಾಂ ತೂಗಿ, ಕೆಸರಿಗೆ ತಾಗದಂತೆ ಎತ್ತರದಲ್ಲಿಟ್ಟು, ದಿನಕ್ಕೊಮ್ಮೆ ತೂಕ ನಿಲ್ಲುವವರೆಗೆ ತೂಗಿ. 33ರಲ್ಲೇ ಚೆನ್ನಾಗಿ ಹೀರಿದರೆ ರಂಧ್ರಗಳು ಕಿರಿದು, ಪೊಟ್ಟಣದ ಕೆಲಸಕ್ಕೆ ಯೋಗ್ಯ. 33ರಲ್ಲಿ ಸುಮ್ಮನಿದ್ದು 75ರಲ್ಲಿ ಮಾತ್ರ ಹೀರಿದರೆ ರಂಧ್ರಗಳು ಅಗಲ. ಇಲ್ಲೊಂದು ಮೋಸವಿದೆ: ಸರಿಯಾಗಿ ತೊಳೆಯದ ಮಾದರಿಯಲ್ಲಿ ಉಳಿದ ಅಡುಗೆ ಉಪ್ಪು 75 ಶೇಕಡದ ಹೊತ್ತಿಗೆ ತಾನೇ ನೀರೆಳೆದು ಕರಗತೊಡಗುತ್ತದೆ. ಆ ತೂಕವನ್ನು ಸಿಲಿಕಾದ ಸಾಧನೆ ಎಂದು ಬರೆದವರುಂಟು. 33ರ ಡಬ್ಬಿ ಇರುವುದು ಈ ಮೋಸ ಹಿಡಿಯಲಿಕ್ಕೂ ಹೌದು.

ಕಾಂಕ್ರೀಟಿಗೆ ಉದ್ದೇಶಿಸಿದ ಬೂದಿಗೆ ಎರಡು ನಿಮಿಷದ ಪರೀಕ್ಷೆ ಇದೆ. 40 ಡಿಗ್ರಿಯಲ್ಲಿ 200 ಮಿಲಿ ಸಂತೃಪ್ತ ಸುಣ್ಣದ ತಿಳಿನೀರಿನ ವಿದ್ಯುತ್ ವಾಹಕತೆ ಅಳೆಯಿರಿ. 5 ಗ್ರಾಂ ನುಣ್ಣನೆ ಬೂದಿ ಹಾಕಿ ಕದಡಿ, ಸರಿಯಾಗಿ 2 ನಿಮಿಷಕ್ಕೆ ಮತ್ತೆ ಅಳೆಯಿರಿ. ಸಿಲಿಕಾ ಸುಣ್ಣವನ್ನು ಹಿಡಿದಷ್ಟೂ ವಾಹಕತೆ ಇಳಿಯುತ್ತದೆ. ಸೆಂ.ಮೀ.ಗೆ 1.2 ಮಿಲಿಸೀಮೆನ್ಸ್‌ಗಿಂತ ಹೆಚ್ಚು ಇಳಿದರೆ ಬೂದಿ ಚುರುಕು, 0.4 ಕೂಡ ಇಳಿಯದಿದ್ದರೆ ಅದು ಬರೀ ಪುಡಿಕಲ್ಲು. ಪೂರ್ಣ ಪರೀಕ್ಷೆಗೆ ಭಾರತೀಯ ಮಾನಕ ಐಎಸ್ 1727ರ ವಿಧಾನವಿದೆ. ಕಾಂಕ್ರೀಟಿನ ಮಾನಕ ಐಎಸ್ 456:2000 ಕೂಡ ಭತ್ತದ ಹೊಟ್ಟಿನ ಬೂದಿಯನ್ನು ಅನುಮತಿಯೊಂದಿಗೆ ಬಳಸಬಹುದಾದ ವಸ್ತುಗಳಲ್ಲಿ ಎಣಿಸಿದೆ. ಸಿಮೆಂಟಿನ 10ರಿಂದ 15 ಶೇಕಡದ ಬದಲಿಗೆ ಹಾಕಿ ಘನಗಳನ್ನು ಎರಕ ಹೊಯ್ದು ನೋಡಬಹುದು. ರಂಧ್ರಮಯ ಬೂದಿ ನೀರು ಕುಡಿಯುವುದರಿಂದ ಮಿಶ್ರಣ ಬಿಗಿಯಾಗುತ್ತದೆ. ಆಗ ನೀರು ಸುರಿಯದೆ ಪ್ಲಾಸ್ಟಿಸೈಸರ್ ಹೆಚ್ಚಿಸಿ.

ಹೊರಗೆ ಕಳಿಸಬೇಕಾದ ಪರೀಕ್ಷೆ ನಾಲ್ಕು. ಎಕ್ಸ್‌ಆರ್‌ಡಿಯಲ್ಲಿ 22 ಡಿಗ್ರಿ ಸುತ್ತ ಅಗಲವಾದ ದಿಬ್ಬ ಕಂಡರೆ ಅಸ್ಫಟಿಕ. ಅದೇ ಜಾಗದಲ್ಲಿ ಸೂಜಿಯಂತೆ ಎದ್ದಿದ್ದರೆ ಕ್ರಿಸ್ಟೋಬಲೈಟ್. ಎಫ್‌ಟಿಐಆರ್‌ನಲ್ಲಿ (ಅವಗೆಂಪು ಕಿರಣದಿಂದ ರಾಸಾಯನಿಕ ಬಂಧ ಗುರುತಿಸುವ ಪರೀಕ್ಷೆ) 1100, 800, 470 ಸೆಂ.ಮೀ⁻¹ ಬಳಿ ಸಿಲಿಕಾದ ಪಟ್ಟಿಗಳು, 960ರ ಬಳಿ ಸಿಲನಾಲ್, ಅಂದರೆ ಸಿಲಿಕಾನ್‌ಗೆ ಅಂಟಿದ ಹೈಡ್ರಾಕ್ಸಿಲ್ ಗುಂಪು. ಬಿಇಟಿ (ಅನಿಲ ಹೀರಿಸಿ ಮೇಲ್ಮೈ ಅಳೆಯುವ ವಿಧಾನ) ಮೇಲ್ಮೈ ವಿಸ್ತೀರ್ಣದಲ್ಲಿ ಒತ್ತರಕ್ಕೆ ಗ್ರಾಂಗೆ 50ರಿಂದ 250 ಚದರ ಮೀಟರ್, ಜೆಲ್‌ಗೆ 300ರಿಂದ 800 ನಿರೀಕ್ಷಿಸಿ. ಶುದ್ಧತೆಗೆ ಹೈಡ್ರೋಫ್ಲೋರಿಕ್ ಆಮ್ಲದ ಹಳೆಯ ವಿಧಾನ ಪುಸ್ತಕದಲ್ಲಿದೆ. ಕಾಲೇಜಿನಲ್ಲಿ ಅದನ್ನು ಮುಟ್ಟಬೇಡಿ. ಚರ್ಮದ ಮೂಲಕ ಇಳಿದು ರಕ್ತದ ಕ್ಯಾಲ್ಸಿಯಂ ಹಿಡಿದು ಜೀವ ತೆಗೆಯುವ ಆಮ್ಲ ಅದು. ಬದಲಿಗೆ ಎಕ್ಸ್‌ಆರ್‌ಎಫ್‌ಗೆ (ಎಕ್ಸ್-ಕಿರಣದಿಂದ ಧಾತುಗಳ ಪಾಲು ಅಳೆಯುವ ಪರೀಕ್ಷೆ) ಕಳಿಸಿ.

ಯಾವ ಅಂಕಿಗೆ ಯಾವ ಕೆಲಸ

ಮೇಲ್ಮೈ ವಿಸ್ತೀರ್ಣ ಗ್ರಾಂಗೆ 150 ಚದರ ಮೀಟರ್ ದಾಟಿದ, ಉಪ್ಪಿಲ್ಲದ ಒತ್ತರ ರಬ್ಬರಿಗೆ ಹೊಂದುತ್ತದೆ. ಟೈರ್ ಕಂಪನಿ ಗುಡ್‌ಇಯರ್ ಹೊಟ್ಟಿನ ಬೂದಿಯ ಸಿಲಿಕಾ ಬಳಸುವುದಾಗಿ 2014ರಲ್ಲಿ ಪ್ರಕಟಿಸಿತ್ತು. ಆಹಾರದ ಪುಡಿಗಳಲ್ಲಿ ಗಂಟು ತಡೆಯಲು ಬಳಸುವ ಸಿಲಿಕಾ ಪೊಟ್ಟಣದ ಮೇಲೆ ಐಎನ್‌ಎಸ್ 551 ಎಂದು ಕಾಣುತ್ತದೆ; ಭಾರ ಲೋಹಗಳ ಪರೀಕ್ಷೆ ದಾಟದ ಪ್ರಯೋಗಾಲಯದ ಸಿಲಿಕಾವನ್ನು ಮಾತ್ರ ಬಾಯಿಗೆ ಹೋಗುವ ಯಾವುದಕ್ಕೂ ಬೆರೆಸಕೂಡದು. ಹೊಲಕ್ಕೆ ಹಾಕುವುದಾದರೆ ಅಸ್ಫಟಿಕ ಬೂದಿಯೇ ಆಗಬೇಕು. ಭತ್ತ, ಕಬ್ಬಿಗೆ ಸಿಲಿಕಾನ್ ಕೊಡುವ ಬಗ್ಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಸಾಕಷ್ಟು ಕೆಲಸ ನಡೆದಿದೆ; ಕೃಷಿಯಲ್ಲಿ ಸಿಲಿಕಾನ್ ಕುರಿತ ಅಂತಾರಾಷ್ಟ್ರೀಯ ಸಮ್ಮೇಳನ 2017ರಲ್ಲಿ ಬೆಂಗಳೂರಿನಲ್ಲೇ ಸೇರಿತ್ತು.

ತೇವದ ಪೊಟ್ಟಣಕ್ಕೆ ಬಣ್ಣ ಬದಲಿಸುವ ಜೆಲ್ ಮಾಡುವ ಆಸೆಯಿದ್ದರೆ ನೀಲಿ ಬಣ್ಣದ ಕೋಬಾಲ್ಟ್ ಕ್ಲೋರೈಡ್ ಬಿಡಿ, ಅದು ವಿಷ. ಬಳಸಿ ಒದ್ದೆಯಾದ ಜೆಲ್ 120ರಿಂದ 150 ಡಿಗ್ರಿಯಲ್ಲಿ ಎರಡು ಗಂಟೆ ಕಾದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಉಳಿದ ಸಿಲಿಕೇಟ್ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ. ಆಮ್ಲ ಬಿದ್ದ ಪೈಪಿನಲ್ಲಿ ಅದು ಹೆಪ್ಪುಗಟ್ಟಿ ಕೂತರೆ ಪೈಪನ್ನೇ ಕತ್ತರಿಸಬೇಕು. ಬಕೆಟ್‌ನಲ್ಲೇ ಆಮ್ಲ ಹಾಕಿ ಜೆಲ್ ಮಾಡಿ, ಸೋಸಿ, ಪಿಎಚ್ 7ಕ್ಕೆ ತಂದ ನೀರನ್ನಷ್ಟೇ ಬಿಡಿ. ದ್ರಾವಣ ಇಟ್ಟುಕೊಳ್ಳುವುದಾದರೆ ಪ್ಲಾಸ್ಟಿಕ್ ಬಾಟಲಿಯಲ್ಲಿಡಿ. ಗಾಜಿನ ಬಿರಡೆಯ ಬಾಟಲಿಯಲ್ಲಿಟ್ಟರೆ ವಾರದೊಳಗೆ ಬಿರಡೆ ಕಚ್ಚಿಕೊಂಡು, ಬಾಟಲಿ ಒಡೆದೇ ತೆಗೆಯಬೇಕಾದೀತು.